ಮ್ಯಾಡಮ್ ಹೇಳ್ತಾರ

ಡಿಸೆಂಬರ್ ೩, ೧೯೯೬, ಮಂಗಳವಾರ

ಇವತ್ತೂ ಒಂದು ದನವನ್ನು ಮುಟ್ಟಲಿಲ್ಲ. ಮಳೆಗಾಲ ಶುರುವಾಗುವಾಗ ಕಮಲಾಪುರದ ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದವಳು ನಾನು. ಈಗ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ಬೆಳೆದು ನಿಂತಿದೆ, ನಾನು ಮಾತ್ರ ಕೂತ ಕುರ್ಚಿಯಲ್ಲೇ ಕೂತಿದ್ದೇನೆ. ಬೀದರಿನ ಕಾಲೇಜಿನಲ್ಲಿ ಎಮ್ಮೆಯೊಳಗೆ ಭುಜದವರೆಗೆ ಕೈ ಹಾಕಿ ಕರುವಿನ ಕಾಲು ಹುಡುಕಿದ ಕೈ ಇದು. ಇಲ್ಲಿ ಅದಕ್ಕೆ ಸಿಕ್ಕಿರುವ ಕೆಲಸ ಹಾಜರಿಗೆ ಸಹಿ ಹಾಕುವುದು, ಬಿಟ್ಟರೆ ಕೋಳಿಗಳಿಗೆ ಲಸಿಕೆ. ಡಾಕ್ಟರು ಗಂಡೋ ಹೆಣ್ಣೋ ಎಂದು ಕೋಳಿಗಳು ವಿಚಾರಿಸುವುದಿಲ್ಲ. ಈ ಊರಿನಲ್ಲಿ ನನಗೆ ಕೋಳಿಗಳ ಮೇಲೆ ಬಹಳ ಗೌರವ.

ಬೆಳಿಗ್ಗೆ ಖಂಡೆಪ್ಪ ಎಂಬ ರೈತ ಕುಂಟುವ ಎತ್ತು ಹೊಡೆದುಕೊಂಡು ಬಂದ. ನಾನು ಎದ್ದು ಹತ್ತಿರ ಹೋದೆ. "ನೀವು ಅತ್ತಾಗ ನಿಲ್ರಿ ಬಾಯಾರ, ಸೀರಿ ಕಂಡ್ರ ಎತ್ತ ಬೆದರ್ತದ," ಅಂದ. ಎತ್ತು ನನ್ನ ಸೀರೆಯನ್ನೇ ನೋಡುತ್ತ ಆರಾಮವಾಗಿ ಮೆಲುಕು ಹಾಕುತ್ತಿತ್ತು. ಬೆದರಿದ್ದವನು ಖಂಡೆಪ್ಪ. ಕೊನೆಗೆ ನಮ್ಮ ಕಂಪೌಂಡರ್ ಸಲಾವುದ್ದೀನ್ ಗೊರಸಿನ ಮುಳ್ಳು ಕಿತ್ತು ಮುಲಾಮು ಹಚ್ಚಿದ. ನಾನು ಕಿಟಕಿಯಿಂದ ಮೇಲ್ವಿಚಾರಣೆ ಮಾಡಿದೆ, ಅಂದರೆ ನೋಡಿದೆ.

ಸಂಜೆ ಬಸ್ಸು ಹಿಡಿದು ಕಲಬುರ್ಗಿಯ ಖೂಬಾ ಪ್ಲಾಟಿನ ಮನೆಗೆ ಬಂದರೆ ಅಪ್ಪನದು ಅದೇ ರಾಗ. ಕಲಬುರ್ಗಿ ಕಚೇರಿಯಲ್ಲಿ ಟೇಬಲ್ ಕೆಲಸಕ್ಕೆ ಅರ್ಜಿ ಹಾಕು, ಫ್ಯಾನಿನ ಕೆಳಗೆ ಕೂತೇ ಡಾಕ್ಟರಾಗಿರು ಎಂದು. ದಿನಾ ಜಗಳಾಡುತ್ತಿದ್ದವಳು ಇವತ್ತು ಸುಮ್ಮನಿದ್ದೆ. ಸಂಕ್ರಾಂತಿಯೊಳಗೆ ಕಮಲಾಪುರ ನನ್ನನ್ನು ಡಾಕ್ಟರೆಂದು ಒಪ್ಪದಿದ್ದರೆ ಟೇಬಲ್ಲಿಗೇ ಹೋಗುವುದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಅಳು ಬಂತು. ಅವ್ವ ಉಳ್ಳಾಗಡ್ಡಿ ಹೆಚ್ಚಲು ಕೊಟ್ಟಿದ್ದರಿಂದ ಮಾನ ಉಳಿಯಿತು.

ಇನ್ನೊಂದು ಸುದ್ದಿ. ಸ್ಕಾಟ್ಲೆಂಡಿನಿಂದ ಒಬ್ಬ ಪಶುವೈದ್ಯೆ ಬರುತ್ತಾರಂತೆ. ಸಂಬಳವಿಲ್ಲದೆ, ಸ್ವಂತ ಖುಷಿಯಿಂದ, ಹಿಂದುಳಿದ ದೇಶದ ದನಕರುಗಳ ಸೇವೆ ಮಾಡಲಿಕ್ಕೆ. ಆರು ವಾರ ಕಮಲಾಪುರದಲ್ಲಿರುತ್ತಾರೆ, ನಾನು ಅವರ ದುಭಾಷಿ ಎಂದು ಜಿಲ್ಲಾ ಕಚೇರಿಯ ಸಾಹೇಬರು ಫೋನು ಮಾಡಿ ಹೇಳಿದರು. ಇಂಗ್ಲಿಷ್ ಬರಬೇಕು, ಬೇರೇನೂ ಕೆಲಸ ಇರಬಾರದು. ಎರಡೂ ಅರ್ಹತೆ ಒಬ್ಬಳಲ್ಲೇ ಸಿಕ್ಕಿದ್ದು ಇಲಾಖೆಯ ಪುಣ್ಯ.

ಡಿಸೆಂಬರ್ ೯, ಸೋಮವಾರ

ಬಂದರು. ಹೆಸರು ಮೊರಾಗ್. ಎತ್ತರ, ಕೆಂಪು ಕೂದಲು, ಮೊಣಕಾಲಿನವರೆಗೆ ಹಸಿರು ರಬ್ಬರ್ ಬೂಟು. ಅವರಿಗೆ ಗೊತ್ತುಮಾಡಿದ್ದ ಸೇಡಂ ರಸ್ತೆಯ ಲಾಡ್ಜಿನಲ್ಲಿ ನೀರು ನಿಂತುಹೋಗಿದ್ದರಿಂದ ನಮ್ಮ ಮನೆಯ ಮಾಳಿಗೆ ಕೋಣೆಗೇ ಕರೆತಂದೆವು. ಅವ್ವ ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದಳು. ಮೊರಾಗ್ ರೊಟ್ಟಿಯನ್ನು ಚಾಕು ಫೋರ್ಕಿನಿಂದ ಕತ್ತರಿಸಲು ಹೊರಟಾಗ ಅವ್ವ ಕಣ್ಣು ಮುಚ್ಚಿಕೊಂಡಳು.

ಕಮಲಾಪುರದಲ್ಲಿ ಬಸ್ ಇಳಿದರೆ ಕೆಂಪು ಬಾಳೆಹಣ್ಣು ಮಾರುವವರು ಬುಟ್ಟಿ ಬಿಟ್ಟು ನಮ್ಮ ಹಿಂದೆ ಬಂದರು. ಮೊರಾಗ್ ಎಂಬ ಹೆಸರು ಆಸ್ಪತ್ರೆ ಮುಟ್ಟುವುದರೊಳಗೆ ಮುರಿಗೆಮ್ಮ ಆಗಿತ್ತು. ಅರ್ಧ ವರ್ಷದಿಂದ ನಾನಿಲ್ಲಿದ್ದೇನೆ, ನನ್ನ ಹೆಸರು ಜಯದೇವಿ ಎಂದು ಎಷ್ಟು ಜನಕ್ಕೆ ಗೊತ್ತೋ ದೇವರೇ ಬಲ್ಲ.

ಅಂಗಳದ ತುಂಬ ದನ. ಇಷ್ಟು ದಿನ ಈ ದನಗಳೆಲ್ಲ ಎಲ್ಲಿ ಆರೋಗ್ಯವಾಗಿದ್ದವೋ. ಎಲ್ಲರಿಗಿಂತ ಮುಂದೆ ನಿಂತವನು ಖಂಡೆಪ್ಪ. ಮೊರಾಗ್ ಅವರದು ಸ್ಕರ್ಟು, ಸೀರೆಗಿಂತ ಎಷ್ಟೋ ಬೆದರಿಸುವಂಥದ್ದು. ಎತ್ತಿನ ಹಗ್ಗ ಅವರ ಕೈಗೇ ಕೊಟ್ಟ. ಹೊಟ್ಟೆಕಿಚ್ಚಿನಿಂದ ನನಗೆ ಮಧ್ಯಾಹ್ನದ ಬುತ್ತಿ ಇಳಿಯಲಿಲ್ಲ. ಸಲಾವುದ್ದೀನನ ಬುತ್ತಿ ಮಾತ್ರ ಚೆನ್ನಾಗಿಯೇ ಇಳಿಯಿತು, ಜೊತೆಗೆ ನನ್ನದೂ.

ಡಿಸೆಂಬರ್ ೧೨, ಗುರುವಾರ

ಬರೆಯಬಾರದೆಂದುಕೊಂಡೆ, ಆದರೆ ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ. ಮೊರಾಗ್ ನಾಯಿ ಬೆಕ್ಕಿನ ಡಾಕ್ಟರು. ವಾಪಸು ಬರುವ ಬಸ್ಸಿನಲ್ಲಿ ತಾವೇ ಹೇಳಿಕೊಂಡರು. ಓದು ಮುಗಿದ ಮೇಲೆ ಆಕಳನ್ನು ಮುಟ್ಟಿಲ್ಲ, ಎಮ್ಮೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದೇ ಈ ವಾರ, ಕೋಡು ಅಲ್ಲಾಡಿದರೆ ಎದೆ ಹಾರುತ್ತದೆ. ಮತ್ತೆ ಯಾಕೆ ಬಂದಿರಿ ಎಂದು ಕೇಳಿದೆ. ಒಂದು ದಿನ ಮುದಿ ಬೆಕ್ಕೊಂದರ ಹಲ್ಲು ತಿಕ್ಕುತ್ತಿದ್ದೆ, ನಾನು ಓದಿದ್ದು ಇಷ್ಟಕ್ಕೇನಾ ಅನ್ನಿಸಿತು, ಅಂದರು. ನನಗೆ ಆ ಬೆಕ್ಕಾದರೂ ಸಿಕ್ಕಿಲ್ಲ ಎಂದೆ. ಇಬ್ಬರೂ ಜೋರಾಗಿ ನಕ್ಕೆವು. ಕಂಡಕ್ಟರ್ ತಿರುಗಿ ನೋಡಿದ.

ನಗು ಬಂದರೂ ಒಳಗೊಳಗೆ ಸಿಟ್ಟೂ ಬಂತು. ಬೆಕ್ಕಿನ ಡಾಕ್ಟರಿಗೆ ಕಮಲಾಪುರ ಹಗ್ಗ ಬಿಚ್ಚಿ ಕೊಡುತ್ತದೆ, ಎಮ್ಮೆಯ ಡಾಕ್ಟರಿಗೆ ಕೋಳಿ.

ಡಿಸೆಂಬರ್ ೧೭, ಮಂಗಳವಾರ

ಒಂದು ಪದ್ಧತಿ ಕುದುರಿದೆ. ದನ ಬಂದ ಕೂಡಲೇ ಮೊರಾಗ್ ಗಂಭೀರವಾಗಿ ಅದರ ಸುತ್ತ ನಡೆದು, ಇದಕ್ಕೇನಾಗಿದೆ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳುತ್ತಾಳೆ. ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಅವಳು ತಲೆಯಾಡಿಸುತ್ತಾಳೆ. ಆಮೇಲೆ ನಾನು ಜನರ ಕಡೆ ತಿರುಗಿ, "ಮ್ಯಾಡಮ್ ಹೇಳ್ತಾರ," ಎಂದು ಶುರುಮಾಡುತ್ತೇನೆ. ನನ್ನ ಮಾತೇ, ಸ್ಕಾಟ್ಲೆಂಡಿಗೆ ಹೋಗಿ ಬಂದ ಮೇಲೆ ಅದಕ್ಕೆ ಬೆಲೆ. ಕೈ ಹಾಕಿ ನೋಡಬೇಕಾದಾಗ, ನೀನೇ ನೋಡು ಅಂತ ಮ್ಯಾಡಮ್ ನನಗೆ ಹೇಳ್ಯಾರ ಅನ್ನುತ್ತೇನೆ. ಆಗ ಯಾರೂ ತಡೆಯುವುದಿಲ್ಲ.

ಇವತ್ತು ದುಂಡಮ್ಮ ತುಂಬಿದ ಎಮ್ಮೆ ತೋರಿಸಲು ತಂದಿದ್ದಳು. ಖಂಡೆಪ್ಪನ ಅತ್ತಿಗೆ. ಗಂಡ ಇಲ್ಲ. ಈ ಒಂದೇ ಎಮ್ಮೆಯ ಹಾಲನ್ನು ಬಸ್ ನಿಲ್ದಾಣದ ಹೋಟೆಲಿಗೆ ಹಾಕಿ ಮಗಳನ್ನು ಕಲಬುರ್ಗಿಯಲ್ಲಿ ನರ್ಸಿಂಗ್ ಓದಿಸುತ್ತಿದ್ದಾಳೆ. ಕೈ ಹಾಕಿ ನೋಡಿದೆ. ಕರು ಚುರುಕಾಗಿ ಒದೆಯಿತು. ಅಬ್ಬಾ, ಎಷ್ಟು ದಿನವಾಗಿತ್ತು ಈ ಒದೆ ತಿಂದು. ಸಂಕ್ರಾಂತಿ ಹೊತ್ತಿಗೆ ಈಯುತ್ತದೆ ಎಂದು ಮ್ಯಾಡಮ್ ಹೇಳ್ತಾರ ಎಂದೆ. ದುಂಡಮ್ಮ ಮೊರಾಗ್‌ಗೆ ಕೈ ಮುಗಿದಳು. ಸಗಣಿ ತುಂಬಿದ ಕೈ ನನ್ನದಾಗಿತ್ತು.

ಡಿಸೆಂಬರ್ ೨೪, ಮಂಗಳವಾರ

ಇದಕ್ಕೆ ಚಟ ಹತ್ತಿಕೊಂಡಿದೆ. ಕೊಟ್ಟಿಗೆ ತೊಳೆಯದವರಿಗೆ, ಬಡಕಲು ಆಕಳಿಗೆ ನೀರು ಕಾಣಿಸದವರಿಗೆ ಮ್ಯಾಡಮ್ ಹೆಸರಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತೇನೆ. ಇವತ್ತು ಖಂಡೆಪ್ಪನ ಎತ್ತಿನ ಹೆಗಲು ನೊಗ ಉಜ್ಜಿ ಹುಣ್ಣಾಗಿ ಕೀವು ಸುರಿಯುತ್ತಿತ್ತು. ಅಷ್ಟರಲ್ಲಿ ಮೊರಾಗ್, ಆ ಕೆಂಪು ಬಾಳೆಹಣ್ಣು ಒಳಗೂ ಕೆಂಪಾಗಿರುತ್ತದೆಯೇ ಎಂದು ಕೇಳಿದಳು. ಅದನ್ನು ನಾನು ಹೀಗೆ ಅನುವಾದಿಸಿದೆ: ಹುಣ್ಣು ಪೂರ್ತಿ ಮಾಯುವವರೆಗೆ ನೊಗ ಹೂಡಬೇಡ, ದಿನಾ ಉಪ್ಪುನೀರಿನಿಂದ ತೊಳೆ, ನಾನು ಕೊಡುವ ಮುಲಾಮು ಹಚ್ಚು, ನಿನ್ನ ಹೆಗಲ ಮೇಲೇ ನೊಗ ಇಟ್ಟು ನೋಡು ಆಗ ತಿಳಿಯುತ್ತದೆ. ಖಂಡೆಪ್ಪ ತಲೆ ತಗ್ಗಿಸಿ ಹೂಂ ಎಂದ. ನನಗೆ ಜನ್ಮ ಸಾರ್ಥಕವಾಯಿತು.

ಬಸ್ಸಿನಲ್ಲಿ ಮೊರಾಗ್ ಜಗಳ ತೆಗೆದಳು. ಬಾಳೆಹಣ್ಣಿನ ಮಾತು ಕನ್ನಡದಲ್ಲಿ ಅಷ್ಟು ಉದ್ದವಾಗುತ್ತದೆಯೇ ಎಂದು ಕೇಳಿದಳು. ಅವಳೇನು ದಡ್ಡಿಯಲ್ಲ. ನನ್ನ ಹೆಸರಿನಲ್ಲಿ ಹೇಳಿದ ಮಾತಿಗೆ ನಾಳೆ ಒಂದು ದನ ಸತ್ತರೆ ಅದು ಯಾರ ತಲೆಗೆ, ಅಂದಳು. ನಾನು ಹೇಳಿದರೆ ಅವರು ಕೇಳುವುದಿಲ್ಲ ಎಂದೆ. ಒಂದು ಸಲವಾದರೂ ಹೇಳಿ ನೋಡಿದ್ದೀಯಾ, ನಾನು ಹೋದ ಮೇಲೆ ಏನು ಮಾಡುತ್ತೀ, ಎಂದಳು. ನೀನು ಆರು ವಾರಕ್ಕೆ ಬಂದವಳು, ನಿನಗೇನು ಗೊತ್ತು ಎಂದು ಮುಖ ತಿರುಗಿಸಿದೆ. ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಜನವರಿ ೧೦, ೧೯೯೭, ಶುಕ್ರವಾರ

ನಿನ್ನೆ ಎಳ್ಳಮಾವಾಸ್ಯೆ. ದುಂಡಮ್ಮ ತಮ್ಮ ಹೊಲಕ್ಕೆ ಊಟಕ್ಕೆ ಕರೆದಿದ್ದಳು. ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳಿನ ಹೋಳಿಗೆ, ಮಜ್ಜಿಗೆ ಅಂಬಲಿ. ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದು ಮೊರಾಗ್‌ಗೆ ನಾನೇ ಹೇಳಿಕೊಟ್ಟಿದ್ದೆ. ಪಾಪ, ಬಡಿಸಿದ್ದನ್ನೆಲ್ಲ ತಿಂದಳು. ಇವತ್ತು ಮಾಳಿಗೆ ಕೋಣೆಯಲ್ಲಿ ಮಲಗಿದ್ದಾಳೆ, ಅವ್ವ ಗಂಜಿ ಮಾಡಿಕೊಡುತ್ತಿದ್ದಾಳೆ. ಅತ್ತ ಕಮಲಾಪುರದಲ್ಲಿ ಉಳಿದ ಹಬ್ಬದಡುಗೆ ತಿಂದು ಹೊಟ್ಟೆ ಉಬ್ಬಿದ ದನಗಳು ಸಾಲಾಗಿ ಬಂದಿದ್ದವು. ಮ್ಯಾಡಮ್ ಎಲ್ಲಿ ಎಂದು ಕೇಳಿದವರಿಗೆಲ್ಲ, ಏನು ಮಾಡಬೇಕೆಂದು ಮನೆಯಿಂದಲೇ ಹೇಳಿ ಕಳಿಸಿದ್ದಾರೆ ಎಂದೆ. ಸುಳ್ಳು ಹೇಳುವುದು ಈಗ ಮಾತಾಡಿದಷ್ಟೇ ಸಲೀಸು.

ಜನವರಿ ೧೩, ಸೋಮವಾರ

ಪೆನ್ನು ಹಿಡಿಯಲು ಬೆರಳು ಮಡಚುತ್ತಿಲ್ಲ, ಆದರೂ ಬರೆಯುತ್ತೇನೆ.

ಮೊರಾಗ್ ಇನ್ನೂ ಹಾಸಿಗೆ ಬಿಟ್ಟಿಲ್ಲ, ಒಬ್ಬಳೇ ಹೋಗಿದ್ದೆ. ಬೆಳಿಗ್ಗೆ ಬಸ್ ಇಳಿಯುತ್ತಿದ್ದ ಹಾಗೇ ಸಲಾವುದ್ದೀನ್ ಎದುರು ಬಂದ. ದುಂಡಮ್ಮನ ಎಮ್ಮೆ ನಸುಕಿನಿಂದ ತಿಣುಕುತ್ತಿದೆ, ನೀರು ಕೂಡ ಒಡೆದಿಲ್ಲ, ಎಂದ. ದುಂಡಮ್ಮನ ಕೊಟ್ಟಿಗೆಗೆ ಹೋದರೆ, ಮ್ಯಾಡಮ್ ನೋಡಿ ಬರಲು ಹೇಳಿದ್ದಾರೆ ಎಂದು ನನಗಿಂತ ಮೊದಲೇ ಅವನು ಸಾರಿಬಿಟ್ಟ. ನನ್ನ ಶಿಷ್ಯ. ಕೈ ಹಾಕಿ ನೋಡಿದೆ. ದಾರಿ ಮುಂದಕ್ಕೆ ಹೋಗದೆ ಬಲಕ್ಕೆ ತಿರುಚಿಕೊಂಡಿತ್ತು, ಹಿಂಡಿದ ಒದ್ದೆ ಬಟ್ಟೆಯ ಹಾಗೆ. ಗರ್ಭಚೀಲವೇ ತಿರುಗಿಬಿದ್ದಿದೆ. ಕರು ಇನ್ನೂ ಮಿಸುಕುತ್ತಿತ್ತು.

ಇದಕ್ಕಿರುವುದು ಒಂದೇ ದಾರಿ. ಎಮ್ಮೆಯನ್ನು ಬಲಮಗ್ಗುಲಿಗೆ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು, ಒಬ್ಬರು ಹಲಗೆಯ ಮೇಲೆ ನಿಂತು ಕರುವನ್ನು ಕದಲದಂತೆ ಒತ್ತಿ ಹಿಡಿಯಬೇಕು. ಉಳಿದವರು ಕಾಲಿಗೆ ಕಟ್ಟಿದ ಹಗ್ಗ ಎಳೆದು ಎಮ್ಮೆಯನ್ನೇ ಅದರ ಸುತ್ತ ಉರುಳಿಸಬೇಕು. ಇದನ್ನು ಹೇಳಿದ ಕೂಡಲೇ ಖಂಡೆಪ್ಪ ಎದ್ದು ನಿಂತ. ತುಂಬಿದ ಎಮ್ಮೆಯ ಹೊಟ್ಟೆಯ ಮೇಲೆ ಮನುಷ್ಯರು ನಿಲ್ಲುವುದು ಎಲ್ಲಾದರೂ ಉಂಟೇ, ಟೆಂಪೋ ತಂದು ಕಲಬುರ್ಗಿಗೆ ಒಯ್ಯೋಣ, ಎಂದ. ಒಯ್ಯುವಷ್ಟರಲ್ಲಿ ಕರು ಸಾಯುತ್ತದೆ, ಎಮ್ಮೆಯೂ ಉಳಿಯುವ ಭರವಸೆಯಿಲ್ಲ ಎಂದೆ. "ಮುರಿಗೆಮ್ಮ ಬಾಯಾರು ಹೇಳಿದ್ರ ಮಾಡಮು," ಎಂದ. ದುಂಡಮ್ಮ ಎಮ್ಮೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಚಾಂದಪಾಶಾನ ಎಸ್‌ಟಿಡಿ ಬೂತಿಗೆ ಓಡಿದೆ. ಹಿಂದೆ ಅರ್ಧ ಓಣಿ. ಮೊದಲು ಫೋನೆತ್ತಿದವಳು ಅವ್ವ. ಅವಳು ನಾಷ್ಟಾ ಆಯ್ತಾ ಎಂದು ಕೇಳಿ, ಹೂಂ ಅನ್ನಿಸಿಕೊಂಡೇ ಮೊರಾಗ್‌ಳನ್ನು ಕರೆದಳು. ಎಲ್ಲ ಹೇಳಿದೆ. ನಾನು ಇದನ್ನು ಓದಿದ್ದೇನೆ ಅಷ್ಟೇ, ನೋಡಿಯೂ ಇಲ್ಲ, ನೀನು ಮಾಡಿದ್ದೀಯಾ, ಎಂದಳು ಮೊರಾಗ್. ಕಾಲೇಜಿನಲ್ಲಿ, ಪ್ರೊಫೆಸರು ಪಕ್ಕದಲ್ಲಿದ್ದಾಗ, ಎಂದೆ. ಹಾಗಾದರೆ ನನಗೆ ಯಾಕೆ ಫೋನು ಮಾಡುತ್ತಿದ್ದೀ, ಹೋಗು, ಎಂದಳು.

ಬೂತಿನ ಬಾಗಿಲು ತೆರೆದರೆ ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ಇಷ್ಟು ದಿನದ ಅಭ್ಯಾಸ ಎಲ್ಲಿ ಹೋಗುತ್ತದೆ. "ಮ್ಯಾಡಮ್ ಹೇಳ್ತಾರ, ಎಮ್ಮಿ ಉಳ್ಳಸಬೇಕು," ಎಂದುಬಿಟ್ಟೆ.

ದುಂಡಮ್ಮ ಕೊಟ್ಟಿಗೆಯ ಬಾಗಿಲ ಹಲಗೆಯನ್ನೇ ಕಿತ್ತು ತಂದಳು. ಎಲ್ಲರಿಗಿಂತ ಭಾರದವನು ಖಂಡೆಪ್ಪ, ಅವನನ್ನು ಹತ್ತಿಸಿದೆವು. ಒಂದು ಸಲ ಉರುಳಿಸಿ ಕೈ ಹಾಕಿ ನೋಡಿದೆ, ತಿರುಚು ಬಿಟ್ಟಿರಲಿಲ್ಲ. ಮತ್ತೊಮ್ಮೆ ಉರುಳಿಸಿದೆವು. ಇಲ್ಲ. ಎಮ್ಮೆ ನಾಲಗೆ ಹೊರಹಾಕಿ ನರಳುತ್ತಿತ್ತು. ಖಂಡೆಪ್ಪ ಹಲಗೆಯಿಂದ ಕೆಳಗಿಳಿದ. ಮ್ಯಾಡಮ್ಮಿಗೆ ಇನ್ನೊಮ್ಮೆ ಫೋನು ಮಾಡಿ ಕೇಳಿ ಬನ್ನಿ, ಅಲ್ಲಿಯವರೆಗೆ ಯಾರೂ ಕೈ ಹಚ್ಚುವುದಿಲ್ಲ, ಎಂದ.

ನನಗೆ ಏನಾಯಿತೋ. ಹೆದರಿಕೆಯಿಂದಲೋ, ಮೊಣಕೈವರೆಗಿನ ನೋವಿನಿಂದಲೋ, ಬಾಯಿ ತಾನೇ ಬಿಚ್ಚಿಕೊಂಡಿತು.

"ಆಕಿಗೇನು ಕೇಳ್ತಿ ಖಂಡೆಪ್ಪ, ಆಕಿ ಬೆಕ್ಕಿನ ಡಾಕ್ಟರು. ಆಕಿಗೆ ಇದು ಗೊತ್ತಿಲ್ಲ. ಇಷ್ಟ ದಿನ ಹೇಳಿದ್ದೆಲ್ಲಾ ನಾನ. ಈಗ ಹೇಳಾಕಿನೂ ನಾನ. ಹಲಗಿ ಮ್ಯಾಲ ಹತ್ತು."

ಸಲಾವುದ್ದೀನ್ ಮೆಲ್ಲಗೆ ನನ್ನ ಬ್ಯಾಗು ಎತ್ತಿಕೊಂಡ. ಓಡುವ ಪ್ರಸಂಗ ಬಂದರೆ ಇರಲಿ ಎಂದಿರಬೇಕು.

"ಅಂದ್ರ ನಮ್ಮ ಎತ್ತಿನ ಹೆಗಲಿಗಿ ಹೇಳಿದ್ದೂ ನೀವ ಏನ್ರಿ?" ಎಂದ ಖಂಡೆಪ್ಪ.

ಹೌದು ಎಂದೆ. ಅವನ ಮುಖ ಕೆಂಪೇರಿತು. ಆಗ ಬೆಳಗಿನಿಂದ ಮಾತಾಡದಿದ್ದ ದುಂಡಮ್ಮ ಮೈದುನನ ಕಡೆ ತಿರುಗಿದಳು.

"ಹೆಗಲ ಮಾಯ್ತೋ ಇಲ್ಲೋ?"

"ಮಾಯ್ದದ."

"ಹಂಗಾರ ಹತ್ತು."

ಅವನು ಹತ್ತಿದ. ನಾನು ಹಗ್ಗದವರ ಕಡೆ ನೋಡಿ ಕೈ ಎತ್ತಿದೆ. ಎಮ್ಮೆ ಉರುಳಿತು. ಕೈ ಹಾಕಿದೆ. ಒಳಗೆ ಆ ತಿರುಚು ಒಮ್ಮೆಲೇ ಸಡಿಲವಾಗಿ, ನೀರು ಭಳಕ್ಕನೆ ನನ್ನ ಸೀರೆಯ ಮೇಲೆಲ್ಲ ಬಂತು. ಕರುವಿನ ಮುಂಗಾಲುಗಳು ಬೆರಳಿಗೆ ಸಿಕ್ಕವು. ಆಮೇಲಿನದು ಎಳೆಯುವ ಕೆಲಸ. ಖಂಡೆಪ್ಪನೂ ಬಂದು ನನ್ನ ಹಿಂದೆ ನಿಂತು ಹಗ್ಗ ಹಿಡಿದ. ಬಿದ್ದ ಕರು ಸುಮ್ಮನೆ ಬಿದ್ದಿತ್ತು. ಮೂಗಿನ ಲೋಳೆ ಒರೆಸಿ, ಜೋಳದ ಒಣ ಕಣಿಕೆಯಿಂದ ಎದೆ ತಿಕ್ಕಿದೆ, ತಿಕ್ಕಿದೆ. ಸೀನಿತು. ಕೋಣಗರು. ಇಷ್ಟೆಲ್ಲ ರಾದ್ಧಾಂತ ಮಾಡಿ ಹುಟ್ಟಿದ್ದು ನಯಾಪೈಸೆ ಹಾಲು ಕೊಡದ ಗಂಡು. ಆದರೂ ಅಲ್ಲೇ ಸಗಣಿಯಲ್ಲಿ ಕೂತು ಅತ್ತೆ. ಇವತ್ತು ಉಳ್ಳಾಗಡ್ಡಿ ಇರಲಿಲ್ಲ.

ಎಮ್ಮೆ ಎದ್ದು ಕರು ನೆಕ್ಕತೊಡಗಿತು. ದುಂಡಮ್ಮ ನನ್ನ ಕೈಗೆ ಬಿಸಿನೀರು ಹೊಯ್ದಳು. ನನ್ನ ಸುಳ್ಳಿಗೆ ಊರು ಏನು ಶಿಕ್ಷೆ ಕೊಡುತ್ತದೋ ಎಂದು ಬಸ್ಸಿನುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಅದು ಸುಳ್ಳಿಗಲ್ಲ, ವಾಸನೆಗೆ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಭುಜ ಮೇಲೆತ್ತಲು ಬರುತ್ತಿಲ್ಲ. ಅವ್ವ ಎಣ್ಣೆ ತಿಕ್ಕಿದಳು, ಎಳ್ಳುಬೆಲ್ಲ ಬಾಯಿಗೆ ಹಾಕಿದಳು. ಅಪ್ಪ ಮತ್ತೆ ಟೇಬಲ್ಲಿನ ಮಾತು ತೆಗೆದರು. ಯಾವ ಟೇಬಲ್ ಎಂದು ಕೇಳಿದೆ. ಅಪ್ಪ ಯಾಕೋ ನನ್ನನ್ನೇ ನೋಡಿ ಒಳಗೆ ಹೋದರು. ದುಂಡಮ್ಮನ ಎಮ್ಮೆಗೆ ಕರುವಿನ ಹಿಂದಿನ ಮಾಸು ಬಿತ್ತೋ ಇಲ್ಲವೋ. ರಜೆ ಇರದಿದ್ದರೆ ನೋಡಿ ಬರಬಹುದಿತ್ತು.

ಜನವರಿ ೧೫, ಬುಧವಾರ

ಮಾಸು ಬಿದ್ದಿದೆ. ಮೂರು ಎಮ್ಮೆ, ಖಂಡೆಪ್ಪನ ಇನ್ನೊಂದು ಎತ್ತು, ಕಾಲು ಮುರಿದ ಮೇಕೆ. ಬರೆಯಲು ಪುರುಸೊತ್ತಿಲ್ಲ.

ಜನವರಿ ೧೬, ಗುರುವಾರ

ಮೊರಾಗ್ ಇವತ್ತು ಎದ್ದು ಬಂದಳು. ಮುಖ ಇಳಿದಿದೆ. ಸೋಮವಾರದ ಕಥೆಯನ್ನು ನಾನು ಹೇಳಿದ್ದೆ, ಬೆಕ್ಕಿನ ಮಾತನ್ನೂ ಬಿಟ್ಟಿರಲಿಲ್ಲ. ಅವಳು ಅಂಗಳಕ್ಕೆ ಕಾಲಿಡಲು ನಾಚಿಕೊಳ್ಳುತ್ತಿದ್ದಳು. ಅವಳಿಗಾಗಿ ನನಗೆ ಕೆಟ್ಟದೆನಿಸಿತು. ಸಂಬಳ ಬಿಟ್ಟು, ಸಮುದ್ರ ದಾಟಿ, ನಮ್ಮ ಭಜ್ಜಿ ತಿಂದು ಮಲಗಿದವಳ ಮರ್ಯಾದೆಯನ್ನು ಓಣಿಯ ಮುಂದೆ ಹರಾಜು ಹಾಕಿದವಳು ನಾನು. ಕ್ಷಮೆ ಕೇಳಿದೆ. ಅವಳು, ನಾನು ಏನು ಹಿಡಿದುಕೊಳ್ಳಲಿ ಎಂದು ಕೇಳಿದಳು. ಹಗ್ಗ ಕೊಟ್ಟೆ. ದಿನವಿಡೀ ದನ ಹಿಡಿದಳು. ಒಂದು ಎಮ್ಮೆಯೊಳಗೆ ಅವಳ ಕೈ ಹಾಕಿಸಿ ಕರುವಿನ ತಲೆ ಎಲ್ಲಿದೆ ತೋರಿಸಿದೆ. ಸಿಕ್ಕಿದಾಗ ಚಿಕ್ಕ ಹುಡುಗಿಯ ಹಾಗೆ ಚೀರಿದಳು. ಎಮ್ಮೆ ಬೆದರಿತು.

ಮಧ್ಯಾಹ್ನ ದುಂಡಮ್ಮ ಗಿಣ್ಣ ಮಾಡಿಕೊಂಡು ಬಂದಳು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಹೊಸ ಹಾಲು, ಇನ್ನೂ ಬಿಸಿ. ನನಗೊಂದು, ಸಲಾವುದ್ದೀನನಿಗೊಂದು, ಮೊರಾಗ್‌ಗೊಂದು ತುಂಡು. ಈಕೆ ಎಂದು ಹೋಗುತ್ತಾಳೆ ಎಂದು ಕೇಳಿದಳು. ಬರುವ ಸೋಮವಾರ ಎಂದೆ. ಅವರ ಊರಿನಲ್ಲಿ ಎಮ್ಮೆಗಳಿಲ್ಲವೇ ಎಂದಳು. ಇಲ್ಲ, ಬೆಕ್ಕು ನಾಯಿ ಅಷ್ಟೇ ಎಂದೆ. ದುಂಡಮ್ಮ ಮೊರಾಗ್‌ಳನ್ನು ಬೂಟಿನಿಂದ ತಲೆಯವರೆಗೆ ನೋಡಿದಳು, ಅವಳ ತಟ್ಟೆಗೆ ಇನ್ನೊಂದು ತುಂಡು ಗಿಣ್ಣ ಹಾಕಿದಳು.

"ಇನ್ನೊಂದ ತಿಂಗಳ ಇಟ್ಕೋರಿ ಬಾಯಾರ. ಪಾಪ, ಅಷ್ಟ ದೂರಿಂದ ನಿಮ್ಮ ಕೈಯಾಗ ಕಲೀಲಾಕ ಬಂದಾಳ. ಅರ್ಧಕ್ಕ ಕಳಸಬ್ಯಾಡ್ರಿ."

ಏನಂದಳು ಎಂದು ಮೊರಾಗ್ ನನ್ನ ಕಡೆ ನೋಡಿದಳು. ಸಭ್ಯವಾದ ಅನುವಾದಗಳು ನಾಲಗೆಯ ತುದಿಗೆ ಬಂದಿದ್ದವು, ಒಂದಕ್ಕಿಂತ ಒಂದು ಚೆಂದ. ಎಲ್ಲ ನುಂಗಿಕೊಂಡು ಒಂದು ಶಬ್ದ ಹೆಚ್ಚು ಕಡಿಮೆ ಮಾಡದೆ ದುಂಡಮ್ಮ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ.

ಮೊರಾಗ್ ನಗಲಿಲ್ಲ. ಬಾಯಲ್ಲಿದ್ದ ಗಿಣ್ಣ ನುಂಗಿ, ಬೆರಳು ಚೀಪಿಕೊಂಡು, ಒಂದು ತಿಂಗಳು ಸಾಕಾಗುತ್ತದೆಯೇ ಕೇಳು, ಎಂದಳು.